ಅರ್ಹರಿಗೆಲ್ಲ ಸೀಟು: ಮಲೆನಾಡಿನ ಮೂರು ತಾಲ್ಲೂಕುಗಳ ಅನುಭವ

ಪರೀಕ್ಷೆಯಲ್ಲಿ ತೇರ್ಗಡೆಯಾದ ವಿದ್ಯಾರ್ಥಿಗೆ ವಿಶ್ವವಿದ್ಯಾಲಯದಲ್ಲಿ ಸ್ಥಾನ ಒದಗಿಸುವುದು ಸರ್ಕಾರದ ಕರ್ತವ್ಯವೇ ಅಥವಾ ಅದು ಸರ್ಕಾರ ತೋರಿಸುವ ಕೃಪೆಯೇ? ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ದಿನದಿಂದ ಕಾಲೇಜುಗಳು ತೆರೆಯುವವರೆಗೆ ನಮ್ಮ ಮನೆಮನೆಗಳಲ್ಲಿ ನಡೆಯುವ ಮಾತುಕತೆಯ ತಿರುಳು ಇದೇ. ಅಂಕಪಟ್ಟಿ ಕೈಯಲ್ಲಿದೆ, ಸೀಟು ಎಲ್ಲಿದೆ ಎಂಬುದು ತಂದೆತಾಯಿಯರ ಚಿಂತೆ. ಈ ಚಿಂತೆ ನಮ್ಮದು ಮಾತ್ರವಲ್ಲ. ಜಗತ್ತಿನ ಹಲವು ಕಡೆಗಳಲ್ಲಿ ಸರ್ಕಾರಗಳು ಇದಕ್ಕೆ ಬೇರೆ ಬೇರೆ ಬಗೆಯ ಉತ್ತರಗಳನ್ನು ಹುಡುಕಿಕೊಂಡಿವೆ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1960ರಲ್ಲಿ ಉನ್ನತ ಶಿಕ್ಷಣಕ್ಕೆ ಒಂದು ಮಹಾಯೋಜನೆಯನ್ನು ರೂಪಿಸಿತು. ಅದರ ಪ್ರಕಾರ ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೆಯ ಒಂದು ಭಾಗಕ್ಕೆ, ಅಂದರೆ ಶೇ 12.5ರಷ್ಟು ಮಂದಿಗೆ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಬೇಕು. ಮೇಲಿನ ಮೂರನೆಯ ಒಂದು ಭಾಗಕ್ಕೆ ರಾಜ್ಯ ಕಾಲೇಜುಗಳಲ್ಲಿ ಸ್ಥಾನವಿರಬೇಕು. ಉಳಿದವರಿಗೆ ಎರಡು ವರ್ಷದ ಕಾಲೇಜುಗಳಿರಬೇಕು, ಅಲ್ಲಿ ಚೆನ್ನಾಗಿ ಓದಿದವರು ಮುಂದೆ ವಿಶ್ವವಿದ್ಯಾಲಯಕ್ಕೆ ಸೇರಿಕೊಳ್ಳಬಹುದು. ಟೆಕ್ಸಾಸ್ ರಾಜ್ಯ 1997ರಲ್ಲಿ ಇನ್ನೊಂದು ದಾರಿ ಹಿಡಿಯಿತು. ರಾಜ್ಯದ ಪ್ರತಿಯೊಂದು ಹೈಸ್ಕೂಲಿನಲ್ಲಿಯೂ ಮೊದಲ ಶೇ 10ರೊಳಗೆ ಬಂದವರಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ಖಚಿತ ಎಂದು ಅಲ್ಲಿನ ಶಾಸನಸಭೆ ಕಾನೂನು ಮಾಡಿತು.

ನಮ್ಮಲ್ಲಿ ಇಂಥ ಖಾತರಿಯ ಕಾನೂನು ಇಲ್ಲ. ಹಾಗೆಂದು ನಮ್ಮಲ್ಲಿ ಈ ಪ್ರಶ್ನೆಗೆ ಉತ್ತರವೇ ಹುಟ್ಟಲಿಲ್ಲ ಎನ್ನಲಾಗದು. ಶಿವಮೊಗ್ಗ ಜಿಲ್ಲೆಯ ಪಶ್ಚಿಮ ಅಂಚಿನ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಕಳೆದ ನೂರು ವರ್ಷಗಳ ಇತಿಹಾಸವನ್ನು ಈ ದೃಷ್ಟಿಯಿಂದ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇಲ್ಲಿನ ಮಕ್ಕಳಿಗೆ ಅರ್ಹತೆ ಎಷ್ಟು ಮುಖ್ಯವಾಗಿತ್ತೋ ದೂರವೂ ಅಷ್ಟೇ ಮುಖ್ಯವಾಗಿತ್ತು. ಕಾಲೇಜು ಎಷ್ಟು ಹತ್ತಿರ ಬಂದಿತೋ ಅರ್ಹರ ಸಂಖ್ಯೆಯೂ ಅಷ್ಟು ಬೆಳೆಯಿತು.

ಮೈಸೂರಿನ ದಾರಿ

ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1916ರ ಜುಲೈ 27ರಂದು. ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾಲಯ ಅದು. ಅದಕ್ಕೂ ಮೊದಲು ಮೈಸೂರಿನ ಮಹಾರಾಜಾ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳಲ್ಲಿ ಓದಿದವರು ಮದ್ರಾಸು ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂಡಬೇಕಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಆಸಕ್ತಿಯಿಂದ ನಾಡಿಗೆ ತನ್ನದೇ ಆದ ವಿಶ್ವವಿದ್ಯಾಲಯ ದೊರೆತದ್ದು ದೊಡ್ಡ ಸಂಗತಿಯೇ. ಆದರೆ ಮಲೆನಾಡಿನ ಹುಡುಗನಿಗೆ ಮದ್ರಾಸಿನ ಬದಲು ಮೈಸೂರು ಬಂದಿತೇ ಹೊರತು ಕಾಲೇಜು ಮನೆಯ ಹತ್ತಿರಕ್ಕೇನೂ ಬರಲಿಲ್ಲ.

ಆ ದೂರವನ್ನು ದಾಟಿದವರಲ್ಲಿ ಎಲ್ಲರಿಗಿಂತ ಪ್ರಸಿದ್ಧರು ಕುವೆಂಪು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಈ ಹುಡುಗ ತೀರ್ಥಹಳ್ಳಿಯ ಆಂಗ್ಲೋ ವರ್ನಾಕ್ಯುಲರ್ ಶಾಲೆಯಲ್ಲಿ ಓದಿ, ಹೈಸ್ಕೂಲಿಗಾಗಿ ಮೈಸೂರಿಗೆ ಹೋಗಿ ವೆಸ್ಲಿಯನ್ ಮಿಷನ್ ಶಾಲೆ ಸೇರಿದರು. ಮಹಾರಾಜಾ ಕಾಲೇಜಿನಲ್ಲಿ 1927ರಲ್ಲಿ ಬಿ.ಎ., 1929ರಲ್ಲಿ ಎಂ.ಎ. ಮುಗಿಸಿದರು. ಮೈಸೂರಿನಲ್ಲಿ ಅವರಿಗೆ ಆಸರೆಯಾದದ್ದು ರಾಮಕೃಷ್ಣಾಶ್ರಮ. ಹೀಗೆ ಊಟ ವಸತಿಗೆ ಒಂದು ನೆಲೆ ದೊರೆತವರು ಓದಿದರು. ದೊರೆಯದವರು ಅಡಿಕೆ ತೋಟಕ್ಕೋ ಗದ್ದೆಗೋ ಹಿಂತಿರುಗಿದರು. 1956ರಲ್ಲಿ ಕುವೆಂಪು ಅದೇ ವಿಶ್ವವಿದ್ಯಾಲಯದ ಉಪಕುಲಪತಿಗಳಾದರು. ಅಲ್ಲಿಯೇ ಓದಿದವರೊಬ್ಬರು ಆ ಸ್ಥಾನಕ್ಕೇರಿದ್ದು ಅದೇ ಮೊದಲು. 1960ರವರೆಗಿನ ಅವರ ಅವಧಿಯಲ್ಲಿ ಮಾನಸಗಂಗೋತ್ರಿ ರೂಪುಗೊಂಡಿತು, ಉನ್ನತ ಶಿಕ್ಷಣವನ್ನು ಕನ್ನಡದಲ್ಲಿ ಕೊಡುವ ಪ್ರಯತ್ನಕ್ಕೆ ಬಲ ಬಂದಿತು. ಊರಿನ ಶಾಲೆಯಲ್ಲಿ ಕಲಿತ ಭಾಷೆ ಕಾಲೇಜಿನ ಬಾಗಿಲಲ್ಲಿ ಅನರ್ಹತೆಯಾಗಬಾರದು ಎಂಬುದು ಅವರ ನಿಲುವಾಗಿತ್ತು. ದೂರವೆಂದರೆ ಮೈಲಿಗಳ ಲೆಕ್ಕ ಮಾತ್ರವಲ್ಲ, ಭಾಷೆಯ ದೂರವೂ ಒಂದು ದೂರವೇ ಎಂಬ ಅರಿವು ಇದರ ಹಿಂದಿತ್ತು.

ಕಾಲೇಜು ಹತ್ತಿರ ಬಂದದ್ದು

ಮಲೆನಾಡಿಗೆ ಉನ್ನತ ಶಿಕ್ಷಣ ಒಂದೊಂದೇ ಹೆಜ್ಜೆಯಾಗಿ ಹತ್ತಿರ ಬಂದಿತು. 1940ರಲ್ಲಿ ಶಿವಮೊಗ್ಗದಲ್ಲಿ ಇಂಟರ್‌ಮೀಡಿಯೆಟ್ ಕಾಲೇಜು ಆರಂಭವಾಯಿತು. ಇದೇ ಬೆಳೆದು ಮುಂದೆ ಸಹ್ಯಾದ್ರಿ ಕಾಲೇಜಾಯಿತು. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್, ತೀರ್ಥಹಳ್ಳಿಯಿಂದ ಸುಮಾರು 60 ಕಿಲೋಮೀಟರ್. ತಾಳಗುಪ್ಪದವರೆಗಿನ ರೈಲುದಾರಿಯಿಂದಾಗಿ ಸಾಗರದವರಿಗೆ ರೈಲಿನ ಅನುಕೂಲವಿತ್ತು. ತೀರ್ಥಹಳ್ಳಿ ಮತ್ತು ಹೊಸನಗರ ಪಟ್ಟಣಗಳು ಇಂದಿಗೂ ರೈಲು ಕಂಡಿಲ್ಲ. ಆದರೂ ಮೈಸೂರಿಗೆ ಹೋಲಿಸಿದರೆ ಶಿವಮೊಗ್ಗ ಕೈಗೆಟಕುವ ಊರು. ಹಬ್ಬಕ್ಕೆ ಮನೆಗೆ ಬಂದು ಹೋಗಬಹುದಾದ ದೂರ ಅದು.

ಎರಡನೆಯ ಹೆಜ್ಜೆ 1960ರ ದಶಕದ್ದು. ಸಾಗರದಲ್ಲಿ ಲಾಲ್ ಬಹದ್ದೂರ್ ಕಾಲೇಜು, ತೀರ್ಥಹಳ್ಳಿಯಲ್ಲಿ ತುಂಗಾ ಮಹಾವಿದ್ಯಾಲಯ ತಲೆಯೆತ್ತಿದವು. ಇವೆರಡನ್ನೂ ಕಟ್ಟಿದ್ದು ಸರ್ಕಾರವಲ್ಲ, ಸ್ಥಳೀಯರು ಮುಂದೆ ನಿಂತು ರಚಿಸಿಕೊಂಡ ವಿದ್ಯಾಸಂಸ್ಥೆಗಳು ಎಂಬುದು ಗಮನಾರ್ಹ. ಹೊಸನಗರಕ್ಕೆ ಈ ಭಾಗ್ಯ ತಡವಾಗಿ ಬಂದಿತು. ಅಲ್ಲಿನ ಕೊಡಚಾದ್ರಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಆಮೇಲಿನದು. ಅಲ್ಲಿಯತನಕ ಪದವಿ ಓದಬೇಕೆಂದ ಹೊಸನಗರದ ಹುಡುಗ ಹುಡುಗಿಯರು ಸಾಗರಕ್ಕೋ ತೀರ್ಥಹಳ್ಳಿಗೋ ಶಿವಮೊಗ್ಗಕ್ಕೋ ಹೋಗಬೇಕಿತ್ತು. ಬಿದನೂರಿನ ಕೋಟೆ ಇರುವ ತಾಲ್ಲೂಕು, ಒಂದು ಕಾಲಕ್ಕೆ ರಾಜಧಾನಿಯನ್ನೇ ಹೊಂದಿದ್ದ ಸೀಮೆ, ಕಾಲೇಜಿನ ವಿಷಯದಲ್ಲಿ ಹಿಂದೆ ಉಳಿದದ್ದು ಇತಿಹಾಸದ ವ್ಯಂಗ್ಯ.

ಮೂರನೆಯ ಹೆಜ್ಜೆ 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯ. ಅದರ ಕೇಂದ್ರ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟ. ಅದುವರೆಗೆ ಮೈಸೂರಿಗೆ ಸೇರಿದ್ದ ಈ ಭಾಗದ ಕಾಲೇಜುಗಳು ಹೊಸ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದವು. ಓದಲಿಕ್ಕಾಗಿ ಮೈಸೂರಿಗೆ ಹೋದ ಹುಡುಗನ ಹೆಸರನ್ನೇ ಹೊತ್ತ ವಿಶ್ವವಿದ್ಯಾಲಯ ಅವನ ಜಿಲ್ಲೆಗೇ ಬಂದಂತಾಯಿತು. ಬಿ.ಎ., ಬಿ.ಕಾಂ. ಮಟ್ಟದಲ್ಲಿ ನೋಡಿದರೆ ಪಿಯುಸಿ ತೇರ್ಗಡೆಯಾದ ಈ ತಾಲ್ಲೂಕುಗಳ ವಿದ್ಯಾರ್ಥಿಗೆ ಎಲ್ಲಾದರೊಂದು ಕಡೆ ಸ್ಥಾನ ದೊರೆಯುವ ಸ್ಥಿತಿ ಹೀಗೆ ನಿರ್ಮಾಣವಾಯಿತು. ಕ್ಯಾಲಿಫೋರ್ನಿಯಾ ಕಾನೂನಿನ ಮೂಲಕ ಕೊಟ್ಟದ್ದನ್ನು ನಮ್ಮ ನಾಡು ಕಾಲೇಜು ಕಟ್ಟುವ ಮೂಲಕ ಕೊಟ್ಟಿತು ಎನ್ನಬಹುದು.

ಅರ್ಹರು ಯಾರು?

ಆದರೆ ಕಾಲೇಜಿನ ಬಾಗಿಲಿಗೆ ಬರುವ ಮುನ್ನ ಹೈಸ್ಕೂಲು ಮುಗಿಸಬೇಕು. ಹೈಸ್ಕೂಲು ಮುಗಿಸುವುದಕ್ಕೆ ಮನೆಯಲ್ಲಿ ಅನ್ನವೂ ಬಿಡುವೂ ಇರಬೇಕು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ನಡೆಸಿದ ಸತ್ಯಾಗ್ರಹವನ್ನು ನಾವು ಭೂಮಿಯ ಹೋರಾಟವೆಂದೇ ನೆನೆಯುತ್ತೇವೆ. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಶಾಸನಸಭೆಗೆ ಆಯ್ಕೆಯಾದದ್ದು ಆ ಹೋರಾಟದ ಬೆನ್ನಿಗೆ. ಮುಂದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಉಳುವವನಿಗೆ ಹೊಲದ ಒಡೆತನ ಕೊಟ್ಟಿತು. ಗೇಣಿ ಅಳೆಯುವ ಕಾಲದಲ್ಲಿ ಮಗ ಶಾಲೆ ಬಿಟ್ಟು ಕಣಕ್ಕೆ ಬರಬೇಕಾಗಿದ್ದ ಮನೆಗಳಿಂದ ಮುಂದಿನ ತಲೆಮಾರಿನಲ್ಲಿ ಪದವೀಧರರು ಹೊರಬಂದರು. ಅರ್ಹತೆ ಎಂಬುದು ಪರೀಕ್ಷೆಯ ದಿನ ಹುಟ್ಟುವುದಿಲ್ಲ. ಅದಕ್ಕೆ ಹತ್ತು ಹನ್ನೆರಡು ವರ್ಷ ಹಿಂದಿನ ಬೇರು ಇರುತ್ತದೆ.

ಯಾರಿಗೆ ಎಷ್ಟು ಸೀಟು ಎಂಬ ಪ್ರಶ್ನೆ ಹಳೆಯ ಮೈಸೂರಿಗೆ ಹೊಸದಲ್ಲ. ಹಿಂದುಳಿದ ವರ್ಗಗಳ ಅವಕಾಶದ ಬಗ್ಗೆ ಮಿಲ್ಲರ್ ಸಮಿತಿ ನೇಮಕವಾದದ್ದು 1918ರಲ್ಲಿಯೇ. ಸ್ವಾತಂತ್ರ್ಯಾನಂತರ 1962ರ ಜುಲೈ 31ರಂದು ಮೈಸೂರು ಸರ್ಕಾರ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಶೇ 68ರಷ್ಟು ಸೀಟುಗಳನ್ನು ಕಾಯ್ದಿರಿಸಿ ಆದೇಶ ಹೊರಡಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಬಾಲಾಜಿ ಮೊಕದ್ದಮೆಯಲ್ಲಿ ಆ ಆದೇಶವನ್ನು ತಳ್ಳಿಹಾಕಿ, ಸಾಮಾನ್ಯವಾಗಿ ಮೀಸಲಾತಿ ಅರ್ಧಕ್ಕಿಂತ ಕಡಿಮೆ ಇರಬೇಕೆಂದಿತು. ಇಂದಿಗೂ ದೇಶದುದ್ದಕ್ಕೂ ಚರ್ಚೆಯಾಗುವ ಶೇ 50ರ ಗಡಿ ಹುಟ್ಟಿದ್ದು ನಮ್ಮ ರಾಜ್ಯದ ಕಾಲೇಜು ಸೀಟುಗಳ ಜಗಳದಿಂದ. 1975ರ ಹಾವನೂರು ಆಯೋಗದ ವರದಿ ಹಿಂದುಳಿದಿರುವಿಕೆಯ ಅಳತೆಗೋಲನ್ನು ಹೊಸದಾಗಿ ರೂಪಿಸಿತು. ಆದರೆ ಈ ಚರ್ಚೆಗಳಲ್ಲಿ ಜಾತಿ ವರ್ಗಗಳಿಗೆ ದೊರೆತ ಸ್ಥಳ ಊರಿಗೆ, ಅಂದರೆ ವಿದ್ಯಾರ್ಥಿ ಎಲ್ಲಿ ಕುಳಿತು ಓದಿದ ಎಂಬುದಕ್ಕೆ, ಬಹುಕಾಲ ದೊರೆಯಲಿಲ್ಲ.

ಸಿಇಟಿ ಬಂದ ಬಗೆ

ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಶಿಕ್ಷಣದ ಕಥೆ ಬೇರೆ. ಇಲ್ಲಿ ಸೀಟು ಕಡಿಮೆ, ಕೇಳುವವರು ಹೆಚ್ಚು. ಕರ್ನಾಟಕದ ಖಾಸಗಿ ಕಾಲೇಜುಗಳು ಕ್ಯಾಪಿಟೇಷನ್ ಶುಲ್ಕಕ್ಕೆ ದೇಶದಲ್ಲೆಲ್ಲ ಹೆಸರಾದ ಕಾಲವೊಂದಿತ್ತು. 1984ರಲ್ಲಿ ಈ ಶುಲ್ಕವನ್ನು ನಿಷೇಧಿಸುವ ಕಾನೂನು ಬಂದರೂ ಸಮಸ್ಯೆ ಮುಗಿಯಲಿಲ್ಲ. ಸರ್ಕಾರವೇ 1989ರ ಜೂನಿನಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕವನ್ನು ಮೂರು ಬಗೆಯಾಗಿ ನಿಗದಿ ಮಾಡಿತ್ತು. ಸರ್ಕಾರಿ ಸೀಟಿಗೆ 2,000 ರೂಪಾಯಿ, ಕರ್ನಾಟಕದ ಇತರರಿಗೆ 25,000 ರೂಪಾಯಿ, ಹೊರ ರಾಜ್ಯದವರಿಗೆ 60,000 ರೂಪಾಯಿ. ತುಮಕೂರಿನ ಕಾಲೇಜೊಂದರಲ್ಲಿ ಈ ಮೊತ್ತ ಕೊಡಲಾಗದೆ ಸೀಟು ಕಳೆದುಕೊಂಡ ಉತ್ತರ ಪ್ರದೇಶದ ವಿದ್ಯಾರ್ಥಿನಿಯ ದೂರಿನಿಂದ ಹುಟ್ಟಿದ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1992ರ ಜುಲೈನಲ್ಲಿ, ಶಿಕ್ಷಣದ ಹಕ್ಕು ಬದುಕುವ ಹಕ್ಕಿನಲ್ಲಿಯೇ ಅಡಕವಾಗಿದೆ ಎಂದು ಸಾರಿತು.

1993ರ ಫೆಬ್ರವರಿಯಲ್ಲಿ ಬಂದ ಉನ್ನಿಕೃಷ್ಣನ್ ತೀರ್ಪು ಆ ಮಾತನ್ನು ಸ್ವಲ್ಪ ಹಿಂದಕ್ಕೆಳೆಯಿತು. ಉಚಿತ ಶಿಕ್ಷಣದ ಹಕ್ಕು 14 ವರ್ಷ ವಯಸ್ಸಿನವರೆಗೆ ಮಾತ್ರ, ಅಲ್ಲಿಂದ ಮುಂದೆ ಅದು ಸರ್ಕಾರದ ಆರ್ಥಿಕ ಶಕ್ತಿಗೆ ಒಳಪಟ್ಟದ್ದು ಎಂದಿತು. ಜೊತೆಗೆ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಅರ್ಧ ಸೀಟುಗಳು ಉಚಿತ ಸೀಟುಗಳಾಗಿ ಪ್ರತಿಭೆಯ ಆಧಾರದ ಮೇಲೆ ಹಂಚಿಕೆಯಾಗಬೇಕೆಂದು ವ್ಯವಸ್ಥೆ ಮಾಡಿತು. ಆ ಹಂಚಿಕೆಗಾಗಿ 1994ರಲ್ಲಿ ನಮ್ಮ ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಆರಂಭವಾಯಿತು. 2002ರ ಟಿ.ಎಂ.ಎ. ಪೈ ತೀರ್ಪು ಉನ್ನಿಕೃಷ್ಣನ್ ಯೋಜನೆಯನ್ನು ರದ್ದುಪಡಿಸಿದರೂ ಸಿಇಟಿ ಉಳಿಯಿತು. ವೈದ್ಯಕೀಯ ಸೀಟುಗಳು ಮಾತ್ರ ಈಗ ರಾಷ್ಟ್ರಮಟ್ಟದ ನೀಟ್ ಪರೀಕ್ಷೆಗೆ ಸೇರಿವೆ.

ಸಿಇಟಿ ಬಡವರ ಮಕ್ಕಳಿಗೆ ಮಾಡಿದ ಉಪಕಾರ ಸಣ್ಣದಲ್ಲ. ಶಿಫಾರಸು ಇಲ್ಲದೆ, ಹಣದ ಚೀಲ ಇಲ್ಲದೆ, ಬರಿಯ ರ‍್ಯಾಂಕಿನ ಬಲದಿಂದ ಮಲೆನಾಡಿನ ಅನೇಕರು ಎಂಜಿನಿಯರುಗಳೂ ವೈದ್ಯರೂ ಆದರು. ಆದರೆ ರ‍್ಯಾಂಕು ಪಟ್ಟಿ ಇಡೀ ರಾಜ್ಯಕ್ಕೆ ಒಂದೇ. ಹೊಸನಗರ ತಾಲ್ಲೂಕಿನ ಒಂಟಿಮನೆಯ ಹುಡುಗಿ ಬೆಂಗಳೂರಿನ ಕೋಚಿಂಗ್ ತರಗತಿಯಲ್ಲಿ ತಯಾರಾದವರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಬೇಕು. ಅದಕ್ಕೂ ಮೊದಲು ವಿಜ್ಞಾನ ವಿಷಯ ಓದಿರಬೇಕು. ವಿಜ್ಞಾನ ವಿಭಾಗವೇ ಇಲ್ಲದ ಹೋಬಳಿ ಮಟ್ಟದ ಪಿಯು ಕಾಲೇಜಿನಲ್ಲಿ ಓದಿದವರು ಈ ಸಾಲಿಗೆ ಬರುವುದೇ ಇಲ್ಲ.

ಗ್ರಾಮೀಣ ಎಂಬ ಪದ

ಈ ಅಸಮತೆಯನ್ನು ಸರಿದೂಗಿಸಲು ಸಿಇಟಿ ಹಂಚಿಕೆಯಲ್ಲಿ ಎರಡು ಏರ್ಪಾಟುಗಳಿವೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಪ್ರತಿ ವರ್ಗದಲ್ಲಿಯೂ ಶೇ 15ರಷ್ಟು ಸೀಟು. ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರಷ್ಟು ಸೀಟು. ನಮ್ಮಲ್ಲಿ ಖಾತರಿ ಪ್ರವೇಶಕ್ಕೆ ಹತ್ತಿರವಾದದ್ದು ಇದ್ದರೆ ಇದೇ.

ಆದರೆ ಗ್ರಾಮೀಣ ಎಂದರೆ ಏನು? ನಿಯಮದ ಪ್ರಕಾರ ದೊಡ್ಡ ನಗರ, ಸಣ್ಣ ನಗರ ಮತ್ತು ಪರಿವರ್ತನೆಯ ಹಂತದಲ್ಲಿರುವ ಪ್ರದೇಶ, ಈ ಮೂರನ್ನೂ ಬಿಟ್ಟು ಉಳಿದ ಜಾಗದಲ್ಲಿ ಶಾಲೆ ಇರಬೇಕು. ಪಟ್ಟಣ ಪಂಚಾಯಿತಿಯ ಊರುಗಳು ಮೂರನೆಯ ಬಗೆಗೆ ಸೇರುತ್ತವೆ. ಹೊಸನಗರವೂ ತೀರ್ಥಹಳ್ಳಿಯೂ ಪಟ್ಟಣ ಪಂಚಾಯಿತಿಗಳೇ. ಮಲೆನಾಡಿನಲ್ಲಿ ಬಯಲುಸೀಮೆಯಂತೆ ಒತ್ತಾಗಿ ಕೂಡಿಕೊಂಡ ದೊಡ್ಡ ಹಳ್ಳಿಗಳಿಲ್ಲ. ಗುಡ್ಡಕ್ಕೊಂದು ಕಣಿವೆಗೊಂದು ಮನೆ. ಹತ್ತಿರದಲ್ಲಿ ಹೈಸ್ಕೂಲು ಇಲ್ಲದೆ ದಿನವೂ ಕಾಡುದಾರಿಯಲ್ಲಿ ನಡೆದು, ಬಸ್ಸು ಹಿಡಿದು ಪಟ್ಟಣದ ಹೈಸ್ಕೂಲಿಗೆ ಬಂದ ಮಗು, ಈ ಲೆಕ್ಕದಲ್ಲಿ ಗ್ರಾಮೀಣ ವಿದ್ಯಾರ್ಥಿಯಲ್ಲ. ಅವಳ ಮನೆ ಕಾಡಿನೊಳಗಿದ್ದರೂ ಶಾಲೆ ಪಟ್ಟಣದ ಗಡಿಯೊಳಗಿದೆ. ದೊಡ್ಡ ನಗರದ ಅಂಚಿನಲ್ಲಿ, ಪಂಚಾಯಿತಿ ಗಡಿಯೊಳಗಿರುವ ಅನುಕೂಲವಂತ ಶಾಲೆಯಲ್ಲಿ ಓದಿದವರಿಗೆ ಅದೇ ಸೌಲಭ್ಯ ದೊರೆಯಬಹುದು. ನಿಯಮದ ಉದ್ದೇಶ ಒಳ್ಳೆಯದು. ಅದು ಮಲೆನಾಡಿನ ನೆಲದ ರಚನೆಯನ್ನು ಗಮನಿಸಿ ಬರೆದದ್ದಲ್ಲ.

ಟೆಕ್ಸಾಸಿನ ಕಾನೂನನ್ನು ಇಲ್ಲಿ ನೆನೆಯಬೇಕು. ಅಲ್ಲಿ ಹಳ್ಳಿ ಪಟ್ಟಣಗಳ ಗಡಿಯ ಜಗಳ ಬೇಕಾಗಿಲ್ಲ. ಪ್ರತಿ ಶಾಲೆಯ ಮೊದಲಿಗರು ಆ ಶಾಲೆಯ ಸಹಪಾಠಿಗಳೊಂದಿಗೆ ಮಾತ್ರ ಹೋಲಿಕೆಗೆ ಒಳಗಾಗುತ್ತಾರೆ. ಆದ್ದರಿಂದಲೇ ಅಲ್ಲಿನ ಗ್ರಾಮೀಣ ಕ್ಷೇತ್ರಗಳ ಶಾಸಕರು ಕೂಡ ಅದನ್ನು ಬೆಂಬಲಿಸಿದರು. ಅದಕ್ಕೂ ಮಿತಿಗಳುಂಟು. ಆಸ್ಟಿನ್‌ನ ಪ್ರಸಿದ್ಧ ವಿಶ್ವವಿದ್ಯಾಲಯಕ್ಕೆ ನೂಕುನುಗ್ಗಲು ಹೆಚ್ಚಿ, ಅಲ್ಲಿ ಈ ಬಗೆಯ ಪ್ರವೇಶಕ್ಕೆ ಶೇ 75ರ ಮಿತಿ ಹಾಕಲು 2009ರಲ್ಲಿ ತಿದ್ದುಪಡಿ ತರಬೇಕಾಯಿತು. ಕ್ಯಾಲಿಫೋರ್ನಿಯಾದಲ್ಲಿಯೂ ಖಾತರಿ ಇರುವುದು ಒಟ್ಟು ವಿಶ್ವವಿದ್ಯಾಲಯಕ್ಕೇ ಹೊರತು ಕೇಳಿದ ಊರಿನ ಕಾಲೇಜಿಗಲ್ಲ. 2005ರಲ್ಲಿ ತೆರೆದ ಮರ್ಸೆಡ್‌ನಂಥ ದೂರದ ಕೇಂದ್ರದಲ್ಲಿ ಸ್ಥಾನ ಕೊಟ್ಟರೆ ಮಾತು ಉಳಿಸಿಕೊಂಡಂತೆಯೇ. ಖಾತರಿ ಇದ್ದಲ್ಲಿಯೂ ದೂರದ ಪ್ರಶ್ನೆ ತಪ್ಪಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಕನ್ನಡ ಮಾಧ್ಯಮದ ಸೀಟಿಗೂ ಇಂಥದೇ ಒಂದು ತೊಡಕಿದೆ. ಹತ್ತು ವರ್ಷ ಕನ್ನಡದಲ್ಲಿ ಓದಿದ್ದಕ್ಕಾಗಿ ಸೀಟು ಪಡೆದವನು ಕಾಲೇಜಿನ ಮೊದಲ ದಿನದಿಂದಲೇ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕೇಳಬೇಕು. ಕುವೆಂಪು ಎತ್ತಿದ ಪ್ರಶ್ನೆ ವೃತ್ತಿಶಿಕ್ಷಣದಲ್ಲಿ ಇನ್ನೂ ಹಾಗೆಯೇ ಇದೆ.

ಇರುವಕ್ಕಿಯ ವಿಶ್ವವಿದ್ಯಾಲಯ

2012ರಲ್ಲಿ ಶಿವಮೊಗ್ಗದಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಸಾಗರ ತಾಲ್ಲೂಕಿನ ಕೆಳದಿಯ ಮತ್ತು ಬಿದನೂರಿನ ಅರಸ ಶಿವಪ್ಪ ನಾಯಕನ ಹೆಸರನ್ನು ಹೊತ್ತ ಇದರ ಮುಖ್ಯ ಆವರಣ ಈಗ ಸಾಗರ ತಾಲ್ಲೂಕಿನ ಆನಂದಪುರದ ಬಳಿಯ ಇರುವಕ್ಕಿಯಲ್ಲಿದೆ. ಹೀಗೆ ವಿಶ್ವವಿದ್ಯಾಲಯವೊಂದು ಈ ತಾಲ್ಲೂಕುಗಳ ಗಡಿಯೊಳಗೇ ಬಂದು ಕುಳಿತಿತು.

ಕೃಷಿ ಪದವಿಯಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಪಾಲಿದೆ. ಮೊದಲು ಶೇ 40 ಇದ್ದದ್ದು ನಂತರ ಶೇ 50ಕ್ಕೆ ಏರಿತು. ಇದಕ್ಕಾಗಿ ಬೀಜ, ಗೊಬ್ಬರ, ಸಲಕರಣೆಗಳನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಗದ್ದೆಯಲ್ಲಿ ಕಲಿತದ್ದನ್ನು ಅರ್ಹತೆಯೆಂದು ಪರಿಗಣಿಸುವ ಅಪರೂಪದ ಏರ್ಪಾಟು ಇದು. ಆದರೆ ಕೃಷಿಕನ ಮಗ ಎನ್ನುವುದಕ್ಕೆ ತಹಶೀಲ್ದಾರರ ಪ್ರಮಾಣಪತ್ರ ಬೇಕು, ಅದಕ್ಕೆ ಜಮೀನಿನ ದಾಖಲೆ ಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡಾಗ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಹಳ್ಳಿಗಳು ಮುಳುಗಿದವು. ಅಲ್ಲಿಂದ ಎಬ್ಬಿಸಿ ಕಾಡಿನ ಜಾಗಗಳಲ್ಲಿ ನೆಲೆಗೊಳಿಸಿದ ಅನೇಕ ಕುಟುಂಬಗಳಿಗೆ ಭೂಮಿಯ ಹಕ್ಕುಪತ್ರದ ತಕರಾರು ಆರು ದಶಕ ಕಳೆದರೂ ಮುಗಿದಿಲ್ಲ. ಮೂರು ತಲೆಮಾರು ಉತ್ತರೂ ಪಹಣಿಯಲ್ಲಿ ಹೆಸರಿಲ್ಲದವನಿಗೆ ರೈತನೆಂದು ರುಜುವಾತು ಮಾಡುವುದು ಸುಲಭವಲ್ಲ. ನಾಡಿಗೆ ಬೆಳಕು ಕೊಡಲು ನೆಲ ಬಿಟ್ಟವರ ಮೊಮ್ಮಕ್ಕಳು, ತಮ್ಮದೇ ತಾಲ್ಲೂಕಿನ ಕೃಷಿ ವಿಶ್ವವಿದ್ಯಾಲಯದ ಬಾಗಿಲಲ್ಲಿ ಕಾಗದವಿಲ್ಲದೆ ನಿಲ್ಲುವ ಸಂಭವ ಇದೆ ಎಂಬುದನ್ನು ಸರ್ಕಾರ ಯೋಚಿಸಬೇಕು.

ಕೊನೆಯ ಕೆಲವು ಮೈಲಿ

ಅದೇ ಹಿನ್ನೀರು ಕರೂರು ಬಾರಂಗಿ ಹೋಬಳಿಯನ್ನು ಸಾಗರದಿಂದ ಬೇರ್ಪಡಿಸಿತು. ತುಮರಿ ಕಡೆಯವರು ಹೊಳೆಬಾಗಿಲಿನಲ್ಲಿ ಲಾಂಚು ಹತ್ತಿ ದಾಟಬೇಕಾಗಿತ್ತು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಆ ರಾತ್ರಿ ಮನೆಯಿಲ್ಲ. ಸಾಗರದ ಕಾಲೇಜಿನಲ್ಲಿ ಸೀಟು ಇದ್ದರೂ ಮಧ್ಯಾಹ್ನದ ಮೇಲಿನ ತರಗತಿ, ಪ್ರಯೋಗಾಲಯ, ಗ್ರಂಥಾಲಯ ಇವೆಲ್ಲ ಲಾಂಚಿನ ವೇಳೆಗೆ ಅಧೀನ. 2025ರ ಜುಲೈ 14ರಂದು ಇಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾಯಿತು. ಪತ್ರಿಕೆಗಳು ಇದನ್ನು ಸಿಗಂದೂರು ಯಾತ್ರಿಕರಿಗೆ ಆದ ಅನುಕೂಲವೆಂದು ಬಣ್ಣಿಸಿದವು. ಆ ದ್ವೀಪದ ವಿದ್ಯಾರ್ಥಿಗಳಿಗೆ ಇದು ಶಿಕ್ಷಣ ಇಲಾಖೆಯ ಯಾವ ಆದೇಶಕ್ಕೂ ಕಡಿಮೆಯಿಲ್ಲದ ಪ್ರವೇಶ ಖಾತರಿ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಕೊಟ್ಟಿದೆ. ಆದರೆ ಈ ಮೂರು ತಾಲ್ಲೂಕುಗಳ ಒಳದಾರಿಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸುಗಳು. ಸರ್ಕಾರಿ ಬಸ್ಸು ಬಾರದ ಊರಿನ ಹುಡುಗಿಗೆ ಉಚಿತ ಟಿಕೆಟ್ಟಿನಿಂದ ಪ್ರಯೋಜನವಿಲ್ಲ. ಬಸ್ಸಿನ ದಾರಿ, ಹಾಸ್ಟೆಲಿನ ಹಾಸಿಗೆ, ಹೋಬಳಿಯ ಕಾಲೇಜಿನಲ್ಲಿ ಒಂದು ವಿಜ್ಞಾನ ವಿಭಾಗ, ಇವು ಪ್ರವೇಶ ನಿಯಮಾವಳಿಯಲ್ಲಿ ಎಲ್ಲಿಯೂ ಬರುವುದಿಲ್ಲ. ಆದರೆ ಯಾರು ಪದವೀಧರರಾಗುತ್ತಾರೆ ಎಂಬುದನ್ನು ನಿರ್ಧರಿಸುವುದರಲ್ಲಿ ಇವುಗಳ ಪಾತ್ರ ಪ್ರಶ್ನೆಪತ್ರಿಕೆಯ ಪಾತ್ರಕ್ಕಿಂತ ಕಡಿಮೆಯದಲ್ಲ.

ಅರ್ಹರಿಗೆಲ್ಲ ಸೀಟು ಎಂಬ ಮಾತನ್ನು ಕಾನೂನಿನಲ್ಲಿ ಬರೆಯುವುದು ಒಳ್ಳೆಯದೇ. ಬರೆಯುವವರು ಮಲೆನಾಡಿನ ಈ ಮೂರು ತಾಲ್ಲೂಕುಗಳ ನೂರು ವರ್ಷವನ್ನು ಒಮ್ಮೆ ನೋಡಬೇಕು. ಮೈಸೂರಿನಿಂದ ಶಿವಮೊಗ್ಗಕ್ಕೆ, ಶಿವಮೊಗ್ಗದಿಂದ ಸಾಗರ ತೀರ್ಥಹಳ್ಳಿಗಳಿಗೆ, ಕೊನೆಗೆ ಇರುವಕ್ಕಿಗೆ ಕಾಲೇಜು ಇಳಿದು ಬಂದಂತೆಲ್ಲ ಇಲ್ಲಿ ಅರ್ಹರು ಹೆಚ್ಚಿದರು. ಪ್ರತಿಭೆ ಮೊದಲೂ ಇತ್ತು, ಆದರೆ ದಾರಿ ಇರಲಿಲ್ಲ. ಇನ್ನು ಉಳಿದಿರುವುದು ಕೊನೆಯ ಕೆಲವು ಮೈಲಿಗಳು ಮತ್ತು ಕೆಲವು ಕಾಗದಗಳು. ಅಷ್ಟನ್ನು ಸರಿಪಡಿಸುವುದು ಒಂದು ವಿಶ್ವವಿದ್ಯಾಲಯ ಕಟ್ಟುವುದಕ್ಕಿಂತ ಕಷ್ಟದ ಕೆಲಸವೇನೂ ಆಗಲಾರದು.